ಮಂಡಿಯ ಎಣ್ಣೆ ಬತ್ತುತ್ತದೆಯೇ?



ಸಂಘದ ಸಭೆ ಮುಗಿದು ಚಾಪೆಯಿಂದ ಏಳುವಾಗ ಗಮನಿಸಿದ್ದೀರಾ? ವಯಸ್ಸು ನಲವತ್ತೈದು ದಾಟಿದವರ ಕೈ ತಾನಾಗಿಯೇ ಗೋಡೆ ಹುಡುಕುತ್ತದೆ. ಹಾಗೆ ಎದ್ದ ಸದಸ್ಯೆಯೊಬ್ಬರು, “ಸಿಸ್ಟರ್, ಮಂಡಿ ಎಣ್ಣೆ ಬತ್ತಿದೆ ಅಂತಾರೆ, ತಿಕ್ಕಿದ್ರೆ ಮತ್ತೆ ತುಂಬುತ್ತಾ?” ಎಂದು ಕೇಳಿದರು. ಎಣ್ಣೆ ತುಂಬಿಸುವ ಪುಡಿ ಎಂದು ಯಾರೋ ಹೇಳಿದ್ದನ್ನು ನಂಬಿ, ಸಂಘದಲ್ಲಿ ಪಡೆದ ಸಾಲದ ಹಣವನ್ನೇ ಅವರು ಅದಕ್ಕೆ ಕೊಟ್ಟಿದ್ದರು. ಕೇಳಿ ನನಗೆ ಸಂಕಟವಾಯಿತು.

ಎರಡು ಮೂಳೆ ಕೂಡುವ ಜಾಗವೇ ಕೀಲು. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಉಂಡೆಯಂಥ ತುದಿ ಬಟ್ಟಲಿನಂಥ ಗುಳಿಯಲ್ಲಿ ಕೂತಿರುತ್ತದೆ. ಭುಜದ್ದೂ ಹಾಗೆಯೇ, ಆದರೆ ಗುಳಿ ತಟ್ಟೆಯ ಹಾಗೆ, ಆಳವಿಲ್ಲ. ಅದಕ್ಕೇ ಕೈ ಎತ್ತ ಬೇಕಾದರೂ ತಿರುಗುತ್ತದೆ, ಬೇಗ ಕೀಲು ತಪ್ಪುವುದೂ ಅಲ್ಲಿಯೇ. ಮಂಡಿ ಮಾತ್ರ ಹೆಚ್ಚಾಗಿ ಬಾಗಿಲಿನ ಹಾಗೆ ಮಡಚಿ ಬಿಡಿಸುವ ಕೀಲು.

ಮಂಡಿಯಲ್ಲಿ ಸೇರುವುದು ಮೂರು ಮೂಳೆ: ಮೇಲೆ ತೊಡೆಮೂಳೆ, ಕೆಳಗೆ ಕಣಕಾಲಿನ ದಪ್ಪ ಮೂಳೆ, ಮುಂದೆ ಚಿಪ್ಪು. ಕೋಳಿ ಕಾಲಿನ ಮೂಳೆಯ ತುದಿಯಲ್ಲಿ ಬೆಳ್ಳಗೆ ಹೊಳೆಯುವ ನುಣುಪು ಪದರ ನೋಡಿದ್ದೀರಲ್ಲ, ಅದೇ ಮೃದ್ವಸ್ಥಿ. ನಮ್ಮ ಮೂಳೆಗಳ ತುದಿಗೂ ಅದೇ ಇದೆ. ನಡುವೆ ಅರ್ಧಚಂದ್ರದಂಥ ಎರಡು ಮೆತ್ತೆಗಳು. ಸುತ್ತಲೂ ಒಂದು ಚೀಲ, ಅದರ ಒಳಪೊರೆ ಮೊಟ್ಟೆಯ ಬಿಳಿಯಂಥ ಲೋಳೆ ದ್ರವ ಸುರಿಸುತ್ತದೆ. ಜನ ಹೇಳುವ ‘ಎಣ್ಣೆ’ ಇದು.

ಈ ಎಣ್ಣೆ ಬತ್ತುವುದಿಲ್ಲ. ಊದಿದ ಮಂಡಿಯಲ್ಲಂತೂ ಅದು ಹೆಚ್ಚಾಗಿರುತ್ತದೆ! ಸವೆಯುವುದು ಮೃದ್ವಸ್ಥಿ. ಅದಕ್ಕೆ ನರಗಳಿಲ್ಲ, ಆದ್ದರಿಂದ ಮೊದಮೊದಲು ಸವೆದದ್ದು ಗೊತ್ತೇ ಆಗುವುದಿಲ್ಲ. ರಕ್ತನಾಳವೂ ಇಲ್ಲ, ಹಾಗಾಗಿ ಗಾಯದ ಹಾಗೆ ಮಾಯುವುದಿಲ್ಲ. ಹೊರಗೆ ತಿಕ್ಕಿದ ಎಣ್ಣೆ ಕೀಲಿನೊಳಗೆ ಹೋಗದು. ಬಿಸಿಗೆ ಹಿತವೆನಿಸಿದರೆ ಮೆಲ್ಲಗೆ ತಿಕ್ಕಿಕೊಳ್ಳಿ, ತಪ್ಪಿಲ್ಲ. ಸಾಲ ಮಾತ್ರ ಬೇಡ.

ನಮ್ಮ ಕೈಲಿರುವುದು ತೊಡೆಯ ಮುಂಭಾಗದ ಸ್ನಾಯು. ಅದು ಗಟ್ಟಿಯಿದ್ದರೆ ಮಂಡಿಗೆ ಆಸರೆ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಐದು ಎಣಿಸಿ ಬಿಡಿ. ದಿನಕ್ಕೆ ಎರಡು ಸಲ, ಹತ್ತತ್ತು ಬಾರಿ. “ಬೆಳಗಿಂದ ಓಡಾಡ್ತಾನೇ ಇರ್ತೀವಲ್ಲ ಸಿಸ್ಟರ್” ಅನ್ನುತ್ತೀರಿ, ನಿಜ. ಆದರೆ ಆ ಓಡಾಟ ಈ ಸ್ನಾಯುವಿಗೆ ಸಾಲದು. ಪಾತ್ರೆ ತೊಳೆಯಲು ಕುಕ್ಕರುಗಾಲಲ್ಲಿ ಕೂರುವ ಬದಲು ಸ್ಟೂಲು ಇಟ್ಟುಕೊಳ್ಳಿ. ತೂಕ ಹೆಚ್ಚಿದ್ದವರು ಒಂದು ಕೆ.ಜಿ. ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು 4 ಕೆ.ಜಿ. ಭಾರ ತಗ್ಗುತ್ತದೆ.

ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಬೆಳಿಗ್ಗೆ ಎರಡೂ ಕೈ ಬೆರಳುಗಳು ಒಂದು ತಾಸಿಗಿಂತ ಹೆಚ್ಚು ಬಿಗಿದುಕೊಂಡಿದ್ದರೆ ಅದು ಸವೆತವಲ್ಲ, ಬೇರೆ ಸಂಧಿವಾತ ಇರಬಹುದು, ವೈದ್ಯರಿಗೆ ತೋರಿಸಿ. ಮಂಡಿ ಕೆಂಪಗೆ ಊದಿ, ಮುಟ್ಟಿದರೆ ಬಿಸಿಯಿದ್ದು, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.