ಗಿಳಿಮರಿ ಕಾಳು ತಿನ್ನಲು ಕಲಿತದ್ದು

ಹಾಲು ಕುಡಿಯುವ ಮಗುವಿಗೆ ರಾಗಿ ಸರಿ, ಆಮೇಲೆ ಮೆತ್ತನೆಯ ಅನ್ನ ಅಭ್ಯಾಸ ಮಾಡಿಸುವುದು ಅಜ್ಜಿಯರಿಗೆಲ್ಲ ತಿಳಿದ ವಿದ್ಯೆ. ಕೈತುತ್ತು ತಿಂದು ಬೆಳೆದ ಗಿಳಿಮರಿಗೂ ಇಂಥ ಕಾಲ ಬರುತ್ತದೆ. ನಮ್ಮ ಚಿಕ್ಕಿಯನ್ನು ನಾನೂ ಮೊಮ್ಮಗಳೂ ಸೇರಿ ಆ ಕಾಲ ದಾಟಿಸಿದೆವು.

ಚಿಕ್ಕಿ ಕಾಕಟೀಲ್ ಜಾತಿಯ ಗಿಳಿ. ಬೂದು ಮೈ, ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು. ಇವುಗಳ ತವರು ಆಸ್ಟ್ರೇಲಿಯಾದ ಒಣ ಬಯಲು. ಚಿಕ್ಕಿ ಮಾತ್ರ ಪಂಜರದಲ್ಲೇ ಹುಟ್ಟಿದ್ದು. ನಮ್ಮ ತೋಟಗಳಿಗೆ ಬರುವ ಹಸಿರು ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯಗೊಂಡ ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಮೊದಲು ಚಿಕ್ಕಿಗೆ ಮರಿಗಳ ಪುಡಿಯನ್ನು ನೀರಿನಲ್ಲಿ ಕಲಸಿ ಚಮಚದಲ್ಲಿ ಕೊಡುತ್ತಿದ್ದೆವು. ಅದರ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೆಚ್ಚಾದರೆ ಕತ್ತಿನ ಬುಡದ ಆಹಾರಚೀಲ ಸುಡುತ್ತದೆ. ತಣ್ಣಗಿದ್ದರೆ ಜೀರ್ಣವಾಗುವುದು ತಡವಾಗುತ್ತದೆ.

ಐದನೆಯ ವಾರಕ್ಕೆ ಚಿಕ್ಕಿ ರೆಕ್ಕೆ ಬಡಿಯತೊಡಗಿತು, ಚಮಚ ಕಂಡರೆ ಮುಖ ತಿರುಗಿಸಿತು. ಹಾರಲು ಸಿದ್ಧವಾಗುವ ಮರಿ ಮೈ ಹಗುರ ಮಾಡಿಕೊಳ್ಳುತ್ತದೆ. ನೂರಕ್ಕೆ ಹತ್ತರಷ್ಟು ತೂಕ ಇಳಿದರೆ ಸಹಜ. ಅದಕ್ಕಿಂತ ಹೆಚ್ಚಿದರೆ ಪಶುವೈದ್ಯರ ಬಳಿಗೆ ಓಡಬೇಕು. ಬೆಳಿಗ್ಗೆ ಮೊದಲ ತುತ್ತಿಗೆ ಮುಂಚೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಮೊಮ್ಮಗಳ ಕೆಲಸವಾಯಿತು.

ಅಗಲವಾದ ತಟ್ಟೆಯಲ್ಲಿ ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು, ಬೇಯಿಸಿದ ಜೋಳ, ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು ಇಟ್ಟೆವು. ಉಪ್ಪು, ಈರುಳ್ಳಿ, ಚಾಕೊಲೇಟ್, ಬೆಣ್ಣೆಹಣ್ಣು ಗಿಳಿಗಳಿಗೆ ಸಲ್ಲವು. ಚಿಕ್ಕಿಗೆ ಎಲ್ಲಕ್ಕಿಂತ ಹಿಡಿಸಿದ್ದು ನವಣೆ ತೆನೆ. ಮರಿಗಳು ನೋಡಿ ಕಲಿಯುತ್ತವೆ. ಕಾಡಿನಲ್ಲಿ ತಂದೆತಾಯಿ ಕುಕ್ಕಿ ತೋರಿಸುತ್ತವೆ; ಇಲ್ಲಿ ಮೊಮ್ಮಗಳು ಬೆರಳ ತುದಿಯಿಂದ ತಟ್ಟೆಯನ್ನು ಟಕಟಕ ಕುಟ್ಟಿದಳು. ಮೆತ್ತನೆಯ ಆಹಾರ ಬೇಗ ಹುಳಿಯುವುದರಿಂದ ಎರಡು ಗಂಟೆಯೊಳಗೆ ತೆಗೆದುಬಿಡುತ್ತಿದ್ದೆವು.

ಇಲ್ಲಿ ಹುಷಾರಾಗಿರಬೇಕು. ಮರಿ ಕಾಳು ಕಚ್ಚುತ್ತಿದ್ದರೆ ತಿನ್ನುತ್ತಿದೆ ಎಂದೇ ಅನಿಸುತ್ತದೆ. ಆದರೆ ಬಹಳ ದಿನ ಅದು ಬರೀ ಆಟ. ನಾವು ತಟ್ಟೆಯ ಕೆಳಗೆ ಬಿದ್ದ ಹೊಟ್ಟನ್ನು ಅಂಗೈಗೆ ಹಾಕಿ ಊದಿ ನೋಡುತ್ತಿದ್ದೆವು. ಟೊಳ್ಳು ಹೊಟ್ಟು ಹಾರಿಹೋದರೆ ಕಾಳು ಹೊಟ್ಟೆಗೆ ಸೇರಿದೆ ಎಂದರ್ಥ. ಇಡೀ ಕಾಳೇ ಉಳಿದರೆ ತಿಂದಿಲ್ಲ. ಸಂಜೆ ಆಹಾರಚೀಲವನ್ನು ಬೆರಳಿನಿಂದ ಹಗುರವಾಗಿ ಮುಟ್ಟಿದರೂ ತುಂಬಿದೆಯೋ ಖಾಲಿಯೋ ಗೊತ್ತಾಗುತ್ತದೆ. ಬರೀ ಆಟವನ್ನು ನಂಬಿ ತುತ್ತು ನಿಲ್ಲಿಸಿದರೆ, ಕಾಳಿನ ರಾಶಿಯ ನಡುವೆಯೇ ಮರಿ ಉಪವಾಸ ಬಿದ್ದು ಸಾಯಬಹುದು.

ಹಾಗಾಗಿ ತುತ್ತುಗಳನ್ನು ಒಂದೊಂದಾಗಿ ಬಿಡಿಸಿದೆವು. ಮೊದಲು ಮಧ್ಯಾಹ್ನದ್ದು, ತೂಕ ನಿಂತ ಮೇಲೆ ಬೆಳಗಿನದು. ರಾತ್ರಿಯದು ಕೊನೆಗೆ, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ಇರುಳು ಬಲು ದೀರ್ಘ. ನಡುವೆ ಒಂದು ದಿನ ಗುಡುಗಿಗೆ ಬೆದರಿ ಚಿಕ್ಕಿ ಮತ್ತೆ ತಲೆ ಅಲ್ಲಾಡಿಸಿ ತುತ್ತಿಗಾಗಿ ಗೋಗರೆಯಿತು. ಕೊಟ್ಟೆವು. ಹಸಿದ ಮರಿಗೆ ಹಠ ಕಲಿಸಿದಂತಾಗುವುದಿಲ್ಲ. ಹೊಟ್ಟೆ ತುಂಬಿದ ಮರಿಯೇ ಧೈರ್ಯವಾಗಿ ಹೊಸದನ್ನು ಕಚ್ಚಿ ನೋಡುತ್ತದೆ.

ಹೆಚ್ಚಿನ ಕಾಕಟೀಲ್ ಮರಿಗಳು ಎಂಟರಿಂದ ಹತ್ತು ವಾರದೊಳಗೆ ತಾವೇ ತಿನ್ನುತ್ತವೆ, ಕೆಲವು ತಡಮಾಡುತ್ತವೆ. ಕ್ಯಾಲೆಂಡರ್ ನೋಡಿ ಅವಸರಿಸಬಾರದು. ಚಿಕ್ಕಿ ಹತ್ತನೆಯ ವಾರದಲ್ಲಿ ರಾತ್ರಿಯ ಚಮಚವನ್ನು ತಾನೇ ಕೊಕ್ಕಿನಿಂದ ತಳ್ಳಿತು. ನಾಲ್ಕು ದಿನ ತೂಕ ಇಳಿಯಲಿಲ್ಲ. ಆಮೇಲೆ ಚಮಚ ತೊಳೆದು ಒಳಗಿಟ್ಟೆವು. ತಕ್ಕಡಿ ಮಾತ್ರ ಇನ್ನೂ ಎರಡು ವಾರ ಮೇಜಿನ ಮೇಲೇ ಇತ್ತು.