ಪಂಪ್ಡ್ ಸ್ಟೋರೇಜ್ ಯೋಜನೆಗಳ ಸ್ಥಳಾನ್ವೇಷಣೆ

ಪಂಪ್ಡ್ ಸ್ಟೋರೇಜ್ ಯೋಜನೆಯ ಸ್ಥಳಾನ್ವೇಷಣೆ ಎಂದರೆ, ಬೇರೆ ಬೇರೆ ಎತ್ತರದಲ್ಲಿರುವ ಎರಡು ಜಲಾಶಯಗಳ ನಡುವೆ ನೀರನ್ನು ಏರಿಸಿ ಇಳಿಸಿ ವಿದ್ಯುತ್ತನ್ನು ಸಂಗ್ರಹಿಸಲು ಯೋಗ್ಯವಾದ ತಾಣವನ್ನು ಗುರುತಿಸಿ, ಅಲ್ಲಿನ ಭೂರಚನೆ, ಶಿಲೆ, ನೀರಿನ ಲಭ್ಯತೆ ಮತ್ತು ಪರಿಸರವನ್ನು ಪರೀಕ್ಷಿಸುವ ಕಾರ್ಯ. ಕರ್ನಾಟಕದಲ್ಲಿ ಇದಕ್ಕೆ ಪ್ರಮುಖ ನಿದರ್ಶನ ಕರ್ನಾಟಕ ವಿದ್ಯುತ್ ನಿಗಮದ 2000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಪ್ರಸ್ತಾವನೆ.

ಹಿನ್ನೆಲೆ

ಸೌರವಿದ್ಯುತ್ತು ಹಗಲಿನಲ್ಲಿ ಮಾತ್ರ ದೊರೆಯುತ್ತದೆ. ಪವನ ವಿದ್ಯುತ್ತು ಗಾಳಿಯನ್ನು ಅವಲಂಬಿಸಿದೆ. ಬೇಡಿಕೆಯಾದರೋ ಮುಂಜಾನೆ ಮತ್ತು ಸಂಜೆ ಹೆಚ್ಚು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿದ ಮೇಲೆ ಈ ಅಂತರವನ್ನು ತುಂಬುವ ಅಗತ್ಯ ರಾಜ್ಯದಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ವಿದ್ಯುತ್ತು ಹೆಚ್ಚಾಗಿರುವಾಗ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಪಂಪು ಮಾಡಿ, ಕೊರತೆಯಾದಾಗ ಅದೇ ನೀರನ್ನು ಇಳಿಸಿ ಟರ್ಬೈನ್ ತಿರುಗಿಸುವುದು ಈ ವಿಧಾನದ ತಿರುಳು. ಏರಿಸಲು ವ್ಯಯವಾದ ವಿದ್ಯುತ್ತಿನಲ್ಲಿ ಸಾಮಾನ್ಯವಾಗಿ ಶೇ. 70ರಿಂದ 80ರಷ್ಟು ಮಾತ್ರ ಮರಳಿ ದೊರೆಯುತ್ತದೆ. ಆದ್ದರಿಂದ ಇದು ಹೊಸ ವಿದ್ಯುತ್ತಿನ ಮೂಲವಲ್ಲ, ಸಂಗ್ರಹದ ಉಪಾಯ.

ಯೋಗ್ಯ ತಾಣದ ಲಕ್ಷಣಗಳು

ಮೊದಲ ಲಕ್ಷಣ ಎತ್ತರದ ವ್ಯತ್ಯಾಸ. ಒಂದು ಘನ ಮೀಟರ್ ನೀರು 100 ಮೀಟರ್ ಇಳಿದರೆ, ಯಂತ್ರಗಳಲ್ಲಾಗುವ ನಷ್ಟವನ್ನು ಕಳೆದು, ಸುಮಾರು ಕಾಲು ಯೂನಿಟ್ ವಿದ್ಯುತ್ತು ಸಿಗುತ್ತದೆ; 450 ಮೀಟರ್ ಇಳಿದರೆ ಸುಮಾರು 1.1 ಯೂನಿಟ್. ಎತ್ತರ ಕಡಿಮೆಯಾದಷ್ಟೂ ಜಲಾಶಯ ದೊಡ್ಡದಾಗಬೇಕು, ಮುಳುಗಡೆಯೂ ಹೆಚ್ಚುತ್ತದೆ.

ಎರಡನೆಯದು ಎರಡು ಜಲಾಶಯಗಳ ನಡುವಣ ಅಂತರ. ನೀರು ಸಾಗುವ ದಾರಿಯ ಉದ್ದ ಎತ್ತರದ ಹತ್ತು ಪಟ್ಟಿಗಿಂತ ಕಡಿಮೆಯಿದ್ದರೆ ತಾಣವನ್ನು ಉತ್ತಮವೆಂದು ಎಣಿಸುವುದು ವಾಡಿಕೆ. ಉಳಿದವು ಮೊದಲ ತುಂಬುವಿಕೆಗೂ ಆವಿಯಾಗಿ ನಷ್ಟವಾಗುವುದನ್ನು ಭರಿಸುವುದಕ್ಕೂ ಬೇಕಾದ ನೀರು, ದೃಢವಾದ ಶಿಲೆ, ರಸ್ತೆ ಮತ್ತು ವಿದ್ಯುತ್ ಮಾರ್ಗಗಳ ಸಾಮೀಪ್ಯ.

ಈ ಅಳತೆಗೋಲಿನಿಂದ ನೋಡಿದರೆ ರಾಜ್ಯದ ಎಲ್ಲ ಭಾಗಗಳೂ ಸಮಾನವಲ್ಲ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿನಲ್ಲಿ, ಎಂದರೆ ಗಬ್ಬೂರು, ದೇವದುರ್ಗ, ಮಾನ್ವಿಗಳ ಸುತ್ತ, ಗಟ್ಟಿಯಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳಿವೆ, ನದಿಯ ನೀರೂ ಇದೆ. ಆದರೆ ನೆಲ ಬಹುಮಟ್ಟಿಗೆ ಸಮತಟ್ಟು. ಬಿಡಿಬಿಡಿ ಗುಡ್ಡಗಳು ಹೆಚ್ಚಿನ ಎತ್ತರವನ್ನು ಒದಗಿಸಲಾರವು. ಪಶ್ಚಿಮ ಘಟ್ಟದ ಅಂಚಿನಲ್ಲಿ ನೆಲ ಕೆಲವೇ ಕಿಲೋಮೀಟರುಗಳಲ್ಲಿ ನೂರಾರು ಮೀಟರ್ ಕುಸಿಯುವುದರಿಂದ ಯೋಜಕರ ಕಣ್ಣು ಅತ್ತ ಹರಿಯುತ್ತದೆ.

ಅನ್ವೇಷಣೆಯ ಹಂತಗಳು

1. ನಕ್ಷೆಯ ಅಧ್ಯಯನ: ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಪಟಗಳು ಹಾಗೂ ಉಪಗ್ರಹದಿಂದ ದೊರೆತ ಎತ್ತರದ ಮಾಹಿತಿಯ ಮೂಲಕ ತಾಣಗಳನ್ನು ಸೋಸಲಾಗುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆಯೇ ಜಗತ್ತಿನಾದ್ಯಂತ ಆರು ಲಕ್ಷಕ್ಕೂ ಹೆಚ್ಚು ಸಂಭಾವ್ಯ ತಾಣಗಳನ್ನು ಪಟ್ಟಿ ಮಾಡಿದ್ದಾರೆ. ನಕ್ಷೆ ಎತ್ತರವನ್ನು ತೋರಿಸಬಲ್ಲದೇ ಹೊರತು ನೆಲದೊಳಗಿನ ಬಿರುಕನ್ನು ತೋರಿಸಲಾರದು.

2. ಭೂವೈಜ್ಞಾನಿಕ ಸಮೀಕ್ಷೆ: ಶಿಲೆಗಳ ಬಗೆ, ಪದರುಗಳ ಓರೆ, ಬಿರುಕು ಮತ್ತು ಸ್ತರಭಂಗಗಳನ್ನು ಸ್ಥಳದಲ್ಲಿಯೇ ಗುರುತಿಸಲಾಗುತ್ತದೆ. ಕೃತಕ ಕಂಪನದ ಅಲೆಗಳು ಸಾಗುವ ವೇಗದಿಂದ ಮಣ್ಣಿನ ದಪ್ಪವನ್ನು ಅಂದಾಜಿಸುತ್ತಾರೆ. ಮಲೆನಾಡಿನಲ್ಲಿ ಜಂಬಿಟ್ಟಿಗೆಯ ಹೊದಿಕೆ ದಪ್ಪವಾಗಿರುವ ಕಡೆ ಇದು ಅತ್ಯವಶ್ಯ.

3. ಕೊರೆತ: ನೆಲವನ್ನು ಕೊರೆದು ಶಿಲೆಯನ್ನು ಉರುಳೆಯ ಆಕಾರದಲ್ಲಿ ಹೊರತೆಗೆದು ಪೆಟ್ಟಿಗೆಗಳಲ್ಲಿ ಕ್ರಮವಾಗಿ ಜೋಡಿಸಲಾಗುತ್ತದೆ. ಕೊರೆದ ಉದ್ದದಲ್ಲಿ 10 ಸೆಂಟಿಮೀಟರಿಗಿಂತ ಉದ್ದವಾದ ತುಣುಕುಗಳ ಪಾಲು ಶೇ. 75ನ್ನು ಮೀರಿದರೆ ಶಿಲೆ ಉತ್ತಮ, ಶೇ. 50ಕ್ಕಿಂತ ಕಡಿಮೆಯಾದರೆ ದುರ್ಬಲ. ಅದೇ ರಂಧ್ರಕ್ಕೆ ಒತ್ತಡದಿಂದ ನೀರು ತುಂಬಿ ಸೋರಿಕೆಯನ್ನೂ ಅಳೆಯುತ್ತಾರೆ.

4. ಪರೀಕ್ಷಾ ಸುರಂಗ: ಭೂಗತ ವಿದ್ಯುದಾಗಾರ ಬರಬೇಕಾದ ಕಡೆ ಸಣ್ಣ ಸುರಂಗ ತೋಡಿ, ಬೆಟ್ಟದೊಳಗಿನ ಒತ್ತಡವನ್ನು ನೇರವಾಗಿ ಪರೀಕ್ಷಿಸಲಾಗುತ್ತದೆ.

5. ಭೂಕಂಪನ ಅಧ್ಯಯನ: 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ ಸಂಭವಿಸಿದ ಭೂಕಂಪಕ್ಕೂ ಅಲ್ಲಿನ ಜಲಾಶಯಕ್ಕೂ ನಂಟು ಕಂಡುಬಂದ ಮೇಲೆ ಈ ಅಧ್ಯಯನಕ್ಕೆ ಮಹತ್ವ ಬಂದಿತು.

ಇವೆಲ್ಲದರ ಫಲಿತಾಂಶ ವಿಸ್ತೃತ ಯೋಜನಾ ವರದಿಯಲ್ಲಿ ಸೇರುತ್ತದೆ.

ಶರಾವತಿ ಕಣಿವೆ

ಶರಾವತಿಯಲ್ಲಿ ಹೊಸ ಅಣೆಕಟ್ಟಿನ ಪ್ರಸ್ತಾಪವಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ನೀರು ತಳಕಳಲೆ ಸಮತೋಲನ ಜಲಾಶಯಕ್ಕೆ ಹರಿದು, ಅಲ್ಲಿಂದ 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಕೆಳಗೆ ಗೇರುಸೊಪ್ಪೆ ಜಲಾಶಯವಿದೆ. ಶಿವಮೊಗ್ಗ ಜಿಲ್ಲೆಯ ತಳಕಳಲೆಯನ್ನು ಮೇಲಿನ ಜಲಾಶಯವನ್ನಾಗಿಯೂ ಉತ್ತರ ಕನ್ನಡದ ಗೇರುಸೊಪ್ಪೆಯನ್ನು ಕೆಳಗಿನ ಜಲಾಶಯವನ್ನಾಗಿಯೂ ಬಳಸಿ, ನಡುವೆ ಸುರಂಗಗಳನ್ನೂ ತಲಾ 250 ಮೆಗಾವಾಟಿನ ಎಂಟು ಘಟಕಗಳ ಭೂಗತ ವಿದ್ಯುದಾಗಾರವನ್ನೂ ನಿರ್ಮಿಸುವುದು ಪ್ರಸ್ತಾವನೆಯ ಸಾರಾಂಶ. ಎತ್ತರದ ವ್ಯತ್ಯಾಸ ನಾನೂರು ಮೀಟರಿಗೂ ಮಿಕ್ಕಿದೆ. ಪೂರ್ಣ ಸಾಮರ್ಥ್ಯದಲ್ಲಿ ಆರು ಗಂಟೆ ನಡೆಸಲು 0.4 ಟಿಎಂಸಿಗೆ ಸಮೀಪದ ನೀರು ಸಾಕೆಂದು ಮೇಲಿನ ಲೆಕ್ಕದಿಂದ ತಿಳಿಯುತ್ತದೆ. ಲಿಂಗನಮಕ್ಕಿಯ ಸಂಗ್ರಹ ಸಾಮರ್ಥ್ಯ ಸುಮಾರು 151 ಟಿಎಂಸಿ.

ಪರಿಸರ ಮತ್ತು ಅನುಮತಿ

ಜಲಶಾಸ್ತ್ರದ ದೃಷ್ಟಿಯಿಂದ ಇಷ್ಟು ಅನುಕೂಲವಾದ ತಾಣವು ಪರಿಸರದ ದೃಷ್ಟಿಯಿಂದ ಅತ್ಯಂತ ಸೂಕ್ಷ್ಮ. 2019ರಲ್ಲಿ ರೂಪುಗೊಂಡ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ವಿಸ್ತೀರ್ಣ ಸುಮಾರು 930 ಚದರ ಕಿಲೋಮೀಟರ್. ಸಿಂಗಳೀಕವು ಪಶ್ಚಿಮ ಘಟ್ಟದಲ್ಲಿ ಮಾತ್ರ ಕಾಣಸಿಗುವ, ಅಳಿವಿನಂಚಿನಲ್ಲಿರುವ ಪ್ರಾಣಿ. ಅದು ಬಹುಪಾಲು ಮರಗಳ ಮೇಲೆಯೇ ಬದುಕುವುದರಿಂದ, ರಸ್ತೆಗಾಗಿ ಕಾಡಿನ ಮೇಲ್ಛಾವಣಿ ಕಡಿದುಹೋದರೆ ಅದರ ಸಂಚಾರವೇ ನಿಲ್ಲುತ್ತದೆ. ಯೋಜನೆಗೆ ಸುಮಾರು 54 ಹೆಕ್ಟೇರ್ ಅರಣ್ಯಭೂಮಿ ಬೇಕಾಗುತ್ತದೆ.

ಅಭಯಾರಣ್ಯದೊಳಗೆ ಸಮೀಕ್ಷೆಗಾಗಿ ನೆಲ ಕೊರೆಯಲೂ ಅನುಮತಿ ಬೇಕು. ಕೊರೆಯುವ ಯಂತ್ರವನ್ನು ಸಾಗಿಸಲು ದಾರಿ, ನೀರು, ಜನ ಎಲ್ಲವೂ ಕಾಡಿನೊಳಗೆ ಹೋಗಬೇಕಾಗುವುದರಿಂದ ಅನ್ವೇಷಣೆಯ ಹಂತವೇ ಇಲ್ಲಿ ವಿವಾದಕ್ಕೆ ಒಳಗಾಯಿತು. ಕೊರೆದು ನೋಡದೆ ತಾಣದ ಯೋಗ್ಯತೆ ತಿಳಿಯದು ಎಂಬುದು ಒಂದು ವಾದ. ಕೊರೆಯಲು ಒಪ್ಪಿದರೆ ನಿರ್ಮಾಣಕ್ಕೆ ಅರ್ಧ ಒಪ್ಪಿದಂತೆಯೇ ಎಂಬುದು ಇನ್ನೊಂದು. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಯೋಜನೆಗೆ ತಾತ್ವಿಕ ಒಪ್ಪಿಗೆ ನೀಡಿತು. ಅರಣ್ಯ ಮತ್ತು ಪರಿಸರ ಅನುಮತಿಗಳು ಇದರಿಂದ ಪ್ರತ್ಯೇಕ. ಲಿಂಗನಮಕ್ಕಿಯ ಮುಳುಗಡೆಯಿಂದ ನೆಲೆ ಕಳೆದುಕೊಂಡ ಕುಟುಂಬಗಳ ಭೂಹಕ್ಕಿನ ಪ್ರಶ್ನೆ ಇನ್ನೂ ಉಳಿದಿರುವ ಕಣಿವೆಯಲ್ಲಿ ಸ್ಥಳೀಯರ ಆತಂಕವೂ ಸಹಜವಾದುದು.

ಇತರ ತಾಣಗಳು

ರಾಯಚೂರು ಜಿಲ್ಲೆಯನ್ನು ಹಾದು ಹೋಗುವ ಕೃಷ್ಣಾ ನದಿಯ ಕೆಳಪಾತ್ರದಲ್ಲಿ, ಶ್ರೀಶೈಲದ ಎಡದಂಡೆಯಲ್ಲಿ 900 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ವಿದ್ಯುದಾಗಾರವಿದೆ. ತಮಿಳುನಾಡಿನ ಕಾಡಂಪಾರೈ (400 ಮೆಗಾವಾಟ್) ಮತ್ತು ಪಶ್ಚಿಮ ಬಂಗಾಳದ ಪುರುಲಿಯಾ (900 ಮೆಗಾವಾಟ್) ದೇಶದ ಇತರ ಪ್ರಮುಖ ಕೇಂದ್ರಗಳು. ನದಿಯ ಹರಿವಿನಿಂದ ದೂರ, ಕಾಡಿಲ್ಲದ ಬೋಳುಗುಡ್ಡಗಳ ಮೇಲೆ ಸಣ್ಣ ಜಲಾಶಯ ಕಟ್ಟಿ, ಒಮ್ಮೆ ತುಂಬಿದ ನೀರನ್ನೇ ಮತ್ತೆ ಮತ್ತೆ ಬಳಸುವ ವಿಧಾನವೂ ಉಂಟು. ಅಂಥ ತಾಣಗಳಲ್ಲಿ ನಿರ್ಮಾಣದ ವೆಚ್ಚ ಹೆಚ್ಚಾಗಬಹುದಾದರೂ ಅರಣ್ಯನಾಶ ಕಡಿಮೆ. ಹಲವು ತಾಣಗಳನ್ನು ಒಟ್ಟಿಗೆ ಹೋಲಿಸಿ ನೋಡುವುದು ಸ್ಥಳಾನ್ವೇಷಣೆಯ ಭಾಗವೇ ಆಗಿದೆ.