ರೇಷ್ಮೆಹುಳುವಿನ ಒಳಗಾವಲು

ದೇವನಹಳ್ಳಿ, ವಿಜಯಪುರ, ಹೊಸಕೋಟೆಗಳ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಸಾಕುವ ಮನೆಗೆ ಹುಳುವಿನ ನಾಲ್ಕನೆಯ ಜ್ವರ ಕಳೆದ ಮೇಲೂ ನೆಮ್ಮದಿಯಿಲ್ಲ. ಸುಮಾರು 25 ದಿನ ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸಿದ ಹುಳುಗಳು, ಇನ್ನೇನು ಚಂದ್ರಿಕೆ ಏರಬೇಕು ಎನ್ನುವಾಗ ಊದಿಕೊಂಡು ತಟ್ಟೆಯ ಅಂಚಿನಲ್ಲಿ ಅಲೆಯತೊಡಗುತ್ತವೆ. ಚರ್ಮ ಒಡೆದು ಹಾಲಿನಂತಹ ದ್ರವ ಸುರಿಯುತ್ತದೆ. ಇದೇ ಹಾಲುತೊಂಡೆ ರೋಗ. ಆ ದ್ರವ ಸೋಂಕಿದ ಸೊಪ್ಪನ್ನು ತಿಂದ ಹುಳುವಿಗೂ ಅದೇ ಗತಿ. ಸೊಪ್ಪು, ಕೂಲಿ, ಸಾಲ ಎಲ್ಲವೂ ಆ ತಟ್ಟೆಯಲ್ಲೇ ಮುಗಿಯುತ್ತವೆ.

ರೋಗಕ್ಕೆ ಕಾರಣ ಒಂದು ವೈರಾಣು. ಮನುಷ್ಯನಿಗೆ ಹಾಕುವಂತಹ ಲಸಿಕೆ ಇಲ್ಲಿ ನಡೆಯದು. ಹುಳುವಿನ ದೇಹಕ್ಕೆ ಪ್ರತಿಕಾಯಗಳನ್ನು ಕಟ್ಟುವ ಶಕ್ತಿಯಿಲ್ಲ. ಹಾಗಾದರೆ ಉಪಾಯವೇನು?

ಜೀವಕೋಶದಲ್ಲಿ ವಂಶವಾಹಿಯ ಆಜ್ಞೆಯನ್ನು ಹೊತ್ತೊಯ್ಯುವ ಓಲೆಕಾರನೇ ಆರ್.ಎನ್.ಎ. ಅದೇ ಬರಹದ ಜೋಡಿಎಳೆಯ ಆರ್.ಎನ್.ಎ. ಒಳಹೊಕ್ಕರೆ, ಕೋಶವು ಅದನ್ನು ಚೂರುಮಾಡಿ, ಆ ಚೂರುಗಳನ್ನೇ ಗುರುತಾಗಿಟ್ಟುಕೊಂಡು ಮೂಲ ಓಲೆಯನ್ನೂ ಕತ್ತರಿಸಿಹಾಕುತ್ತದೆ. ಆಜ್ಞೆ ತಲುಪದ ಮೇಲೆ ವಂಶವಾಹಿ ಇದ್ದೂ ಮೂಕ. 1998ರಲ್ಲಿ ಸಣ್ಣದೊಂದು ದುಂಡುಹುಳುವಿನಲ್ಲಿ ಇದನ್ನು ತೋರಿಸಿಕೊಟ್ಟ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದ ಜೆ. ನಾಗರಾಜು ಹಾಗೂ ಸಂಗಡಿಗರು ಈ ತತ್ತ್ವವನ್ನು ರೇಷ್ಮೆಹುಳುವಿಗೆ ಅನ್ವಯಿಸಿದರು. ದೊಡ್ಡಬಳ್ಳಾಪುರದಿಂದ ಗೌರಿಬಿದನೂರು ದಾಟಿದರೆ ಸಿಗುವ ಹಿಂದೂಪುರದ ರೇಷ್ಮೆ ಸಂಶೋಧನಾ ಸಂಸ್ಥೆಯೂ ಕೈಜೋಡಿಸಿತು. 2007ರಲ್ಲಿ ಪ್ರಕಟವಾದ ಕೆಲಸದಲ್ಲಿ ವೈರಾಣುವಿನ ಒಂದು ವಂಶವಾಹಿಯನ್ನು ಮೂಕಗೊಳಿಸಿದ್ದರು. 2013ರ ಲೇಖನದಲ್ಲಿ ಏಕಕಾಲಕ್ಕೆ ನಾಲ್ಕನ್ನು. ಈ ಕಾವಲು ಮೊಟ್ಟೆಯಲ್ಲೇ ಸೇರಿದ್ದರಿಂದ ಮುಂದಿನ ಪೀಳಿಗೆಗೂ ಇಳಿಯಿತು.

ಕುಂದಾಪುರದ ಕಡೆಯ ಸೀಗಡಿ ಕೃಷಿಕರನ್ನು ಕಾಡಿದ ಬಿಳಿಚುಕ್ಕೆ ರೋಗಕ್ಕೂ ಇದೇ ಮದ್ದನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅಲ್ಲಿ ಚುಚ್ಚಿಯೋ ಮೇವಿನಲ್ಲಿ ಬೆರೆಸಿಯೋ ಹೊರಗಿನಿಂದ ಕೊಡುವ ಪ್ರಯೋಗಗಳೇ ಹೆಚ್ಚು. ಕೊಳದ ಲಕ್ಷಾಂತರ ಸೀಗಡಿಗಳಿಗೆ ತಲುಪಿಸುವುದೇ ತೊಡಕು.

ಪ್ರಯೋಗಶಾಲೆಯ ಗೆಲವು ಹಳ್ಳಿಯ ಹುಳುಮನೆಗೆ ಬರಬೇಕಾದರೆ ಗೂಡಿನ ಇಳುವರಿ ಕುಗ್ಗಬಾರದು, ಪರಿಸರಕ್ಕೆ ಕೇಡಾಗಬಾರದು, ಸರಕಾರದ ಅನುಮತಿಯೂ ಬೇಕು. ಹೊಸ ತಳಿ ಬಂದರೂ ಸೋಂಕುನಿವಾರಣೆ ತಪ್ಪುವಂತಿಲ್ಲ. ಆ ಕಾವಲು ಒಂದೇ ರೋಗಕ್ಕೆ, ಸುಣ್ಣಕಟ್ಟು, ಸಪ್ಪೆರೋಗಗಳಿಗಲ್ಲ. ಸುಣ್ಣ, ಬ್ಲೀಚಿಂಗ್ ಪುಡಿ ಹಾಗೂ ರೋಗದ ಹುಳುವನ್ನು ಮೊದಲೇ ಆರಿಸಿ ತೆಗೆಯುವ ಮನೆಯ ಹೆಂಗಸರ ಚುರುಕು ಕಣ್ಣು, ಇವೇ ರೈತನ ಹೊರಗಾವಲು.